ಕುಬ್ಜ ಗೆಲಾಕ್ಸಿಗಳ ಸಾಕ್ಷಿ: ಡಾರ್ಕ್ ಮ್ಯಾಟರ್ ಏನು, ಏನಲ್ಲ

2025ರ ನವೆಂಬರ್ ಕೊನೆಯಲ್ಲಿ ಒಂದು ಸುದ್ದಿ ಜೋರಾಗಿ ಓಡಾಡಿತು. ‘ಡಾರ್ಕ್ ಮ್ಯಾಟರ್ ಕೊನೆಗೂ ಸಿಕ್ಕಿತು’ ಅನ್ನುವ ಧಾಟಿಯದು. ಡಾರ್ಕ್ ಮ್ಯಾಟರ್ ಎಂದರೆ ಬೆಳಕು ಸೂಸದ, ಗುರುತ್ವದಿಂದ ಮಾತ್ರ ಸುಳಿವು ಕೊಡುವ ದ್ರವ್ಯ. ಮೈಸೂರಿನಲ್ಲಿ ನಾನಿರುವ ವಾಟ್ಸಾಪ್ ಗುಂಪುಗಳಲ್ಲೂ ಅದು ಬಂತು. ಚಪ್ಪಾಳೆ ತಟ್ಟಿದವರೂ ಇದ್ದರು, ‘ಇನ್ನೊಂದು ವಾರಕ್ಕೆ ಸುಳ್ಳಾಗುತ್ತೆ ಬಿಡಿ’ ಅಂದವರೂ ಇದ್ದರು. ವಿಷಯ ಇಷ್ಟು: ಟೋಕಿಯೊ ವಿಶ್ವವಿದ್ಯಾಲಯದ ಟೊಮೊನೊರಿ ಟೊಟಾನಿ, ಫರ್ಮಿ ಉಪಗ್ರಹ 15 ವರ್ಷ ಕೂಡಿಹಾಕಿದ ಗಾಮಾ ಕಿರಣಗಳ ಮಾಹಿತಿಯನ್ನು ಜಾಲಾಡಿದರು. ನಮ್ಮ ಆಕಾಶಗಂಗೆಯ ಸುತ್ತ ಸುಮಾರು 20 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳು ಲೆಕ್ಕಕ್ಕಿಂತ ಜಾಸ್ತಿ ಕಂಡವು. ಪ್ರೋಟಾನಿಗಿಂತ ಸುಮಾರು 500 ಪಟ್ಟು ಭಾರದ ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಅಳಿದರೆ ಇಂಥ ಕಿರಣ ಬರಬಹುದು ಅನ್ನುವುದು ಅವರ ವಾದ.

ಹೀಗೆ ಕೊಂಡಾಡುವ ಭರದಲ್ಲಿ ಒಂದು ತಕರಾರು ಹಿಂದೆ ಸರಿದುಹೋಯಿತು. ಡಾರ್ಕ್ ಮ್ಯಾಟರ್ ಕಣಗಳು ಇಲ್ಲಿ ಅಷ್ಟು ಜೋರಾಗಿ ಅಳಿಯುತ್ತಿದ್ದರೆ, ನಮ್ಮ ಸುತ್ತ ತಿರುಗುವ ಕುಬ್ಜ ಗೆಲಾಕ್ಸಿಗಳಲ್ಲೂ ಅಳಿಯಬೇಕು. ಅಲ್ಲಿಂದಲೂ ಗಾಮಾ ಕಿರಣ ಬರಬೇಕು. ಇದುವರೆಗೆ ನಂಬುವಂತೆ ಬಂದಿಲ್ಲ.

ಡಾರ್ಕ್ ಮ್ಯಾಟರ್ ಬಗ್ಗೆ ಯಾರು ಏನೇ ಹೇಳಿದರೂ ಕೊನೆಗೆ ಈ ಪುಟಾಣಿ ಗೆಲಾಕ್ಸಿಗಳ ಮುಂದೆ ನಿಂತು ಒಪ್ಪಿಸಬೇಕು. ಅವುಗಳ ಸಾಕ್ಷಿಗೆ ಅಷ್ಟು ತೂಕ ಯಾಕೆ, ಆ ಸಾಕ್ಷಿ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅನ್ನುವುದನ್ನು ನೋಡೋಣ.

ಆಕಾಶಗಂಗೆಯಲ್ಲಿ ಕಡಿಮೆ ಎಂದರೂ 10,000 ಕೋಟಿ ನಕ್ಷತ್ರಗಳಿವೆ. ಕುಬ್ಜ ಗೆಲಾಕ್ಸಿಯಲ್ಲಿ ಕೆಲವು ಕೋಟಿ ಇರಬಹುದು, ಕೆಲವು ಲಕ್ಷ ಇರಬಹುದು, ತೀರಾ ಮಂಕಾದವುಗಳಲ್ಲಿ ಕೆಲವು ನೂರೇ ಇರಬಹುದು. ನಮ್ಮ ಸುತ್ತ ಇರುವ ಇಂಥ ಉಪಗ್ರಹ ಗೆಲಾಕ್ಸಿಗಳ ಸಂಖ್ಯೆ ಈಗ 60 ದಾಟಿದೆ. ಬಹುಪಾಲು ಬರಿಗಣ್ಣಿಗೆ ಕಾಣುವುದಿಲ್ಲ. ಒಂದನ್ನು ಮಾತ್ರ ನಮ್ಮ ಕಡೆಯಿಂದ ನೋಡಲು ಪ್ರಯತ್ನ ಮಾಡಬಹುದು. ಜನವರಿ ಕೊನೆಯಲ್ಲಿ, ಅಮಾವಾಸ್ಯೆ ಹತ್ತಿರ, ರಾತ್ರಿ ಒಂಬತ್ತರ ಸುಮಾರಿಗೆ ಮೇಲುಕೋಟೆ ಬೆಟ್ಟದಂಥ ಕತ್ತಲಿರುವ ಎತ್ತರದ ಜಾಗದಲ್ಲಿ ದಕ್ಷಿಣಕ್ಕೆ ಮುಖ ಮಾಡಿ. ಅಗಸ್ತ್ಯ ನಕ್ಷತ್ರ ಸುಲಭವಾಗಿ ಸಿಗುತ್ತದೆ. ಅದರ ತುಂಬಾ ಕೆಳಗೆ, ದಿಗಂತದಿಂದ ಏಳೆಂಟು ಡಿಗ್ರಿ ಮೇಲೆ, ದೊಡ್ಡ ಮೆಗೆಲ್ಲನಿಕ್ ಮೋಡ ಇರುತ್ತದೆ. 1,60,000 ಜ್ಯೋತಿರ್ವರ್ಷ ದೂರದ ಗೆಲಾಕ್ಸಿ ಅದು. ನಮ್ಮಲ್ಲಿ ಮಂಜು, ಧೂಳು, ಊರಿನ ದೀಪ ಎಲ್ಲ ಸೇರಿ ಬಹಳ ಸಲ ಅದನ್ನು ನುಂಗಿಹಾಕುತ್ತವೆ. ಅದೂ ಕುಬ್ಜಗಳಲ್ಲಿ ದೈತ್ಯ. ನಮ್ಮ ಕಥೆಗೆ ಬೇಕಾದವು ಅದಕ್ಕಿಂತ ಬಹಳ ಬಡಪಾಯಿಗಳು.

ಮಂಡ್ಯದ ಸ್ನೇಹಿತರೊಬ್ಬರ ಮಗಳು ಪಿಯುಸಿ ಓದುತ್ತಾಳೆ. ಅವಳು ಕೇಳಿದ್ದು ನೇರವಾದ ಪ್ರಶ್ನೆ: “ಅಂಕಲ್, ಕಾಣ್ದೇ ಇರೋದು ಐತೆ ಅಂತ ಹೆಂಗ್ ಹೇಳ್ತಾರೆ?” ಕಬ್ಬಿನ ಗದ್ದೆ ನೋಡಿ ಬೆಳೆದವಳಿಗೆ ಉತ್ತರ ಹೇಳುವುದು ಕಷ್ಟ ಆಗಲಿಲ್ಲ. ಕಬ್ಬಿನೊಳಗೆ ಹಂದಿ ನುಗ್ಗಿದರೆ ಹಂದಿ ಕಾಣುತ್ತದಾ? ಇಲ್ಲ. ಗರಿ ಅಲ್ಲಾಡುವುದು ಕಾಣುತ್ತದೆ. ಒಳಗೆ ಏನೋ ಇದೆ ಅನ್ನುವುದು ಖಾತ್ರಿ. ಹಂದಿಯೋ ಚಿರತೆಯೋ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಗರಿ ಹೇಗೆ ಅಲ್ಲಾಡುತ್ತಿದೆ ಅಂತ ಸೂಕ್ಷ್ಮವಾಗಿ ನೋಡಬೇಕು.

‘ಏನೋ ಇದೆ’ ಅನ್ನುವ ಭಾಗದ ಇತಿಹಾಸ ಬಹಳ ಜನಕ್ಕೆ ಗೊತ್ತು. 1933ರಲ್ಲಿ ಫ್ರಿಟ್ಜ್ ಜ್ವಿಕಿ ಗೆಲಾಕ್ಸಿಗಳ ಗುಂಪೊಂದರಲ್ಲಿ, ಕಾಣುವ ತೂಕಕ್ಕೆ ಹೊಂದದಷ್ಟು ಜೋರಿನ ಓಟವನ್ನು ಗಮನಿಸಿದರು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವಿಕೆಯನ್ನು ಅಳೆದರು. ಇವತ್ತಿನ ಲೆಕ್ಕದಲ್ಲಿ ವಿಶ್ವದ ಶೇ 5ರಷ್ಟು ನಾವು ಬಲ್ಲ ದ್ರವ್ಯ, ಶೇ 27ರಷ್ಟು ಡಾರ್ಕ್ ಮ್ಯಾಟರ್, ಉಳಿದದ್ದು ಡಾರ್ಕ್ ಎನರ್ಜಿ. ಇದನ್ನು ಇಲ್ಲಿಗೇ ಬಿಡೋಣ. ‘ಏನದು’ ಅನ್ನುವ ಭಾಗಕ್ಕೆ ಕುಬ್ಜ ಗೆಲಾಕ್ಸಿ ಬೇಕು.

ಡ್ರೇಕೊ ಅನ್ನುವ ಕುಬ್ಜ ಗೆಲಾಕ್ಸಿಯನ್ನು ತೆಗೆದುಕೊಳ್ಳಿ. ಉತ್ತರ ಆಕಾಶದಲ್ಲಿ, ಸುಮಾರು 2,60,000 ಜ್ಯೋತಿರ್ವರ್ಷ ದೂರದಲ್ಲಿದೆ. 1954ರಲ್ಲಿ ಪತ್ತೆಯಾದದ್ದು. ಅನಿಲ ಇಲ್ಲ, ಹೊಸ ನಕ್ಷತ್ರ ಇಲ್ಲ, ಸುಮಾರು 1,000 ಕೋಟಿ ವರ್ಷಗಳ ಹಿಂದೆಯೇ ಅಲ್ಲಿ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತುಹೋಗಿದೆ. ಅರಿಜೋನಾದ ಮಾರ್ಕ್ ಆರನ್ಸನ್ 1983ರಲ್ಲಿ ಅಲ್ಲಿನ ಮೂರು ಇಂಗಾಲ ನಕ್ಷತ್ರಗಳ ವೇಗ ಅಳೆದು, ‘ಈ ಗೆಲಾಕ್ಸಿಯಲ್ಲಿ ಕಾಣುವುದಕ್ಕಿಂತ ಬಹಳ ಜಾಸ್ತಿ ತೂಕ ಇರಬಹುದು’ ಅಂದರು. ಬರೀ ಮೂರು ನಕ್ಷತ್ರ! ನಂಬುವುದು ಕಷ್ಟವೇ ಆಗಿತ್ತು. ನಾಲ್ಕು ವರ್ಷಗಳ ನಂತರ ಅದೇ ಆರನ್ಸನ್ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ದೂರದರ್ಶಕದ ಗುಮ್ಮಟ ತಿರುಗುವಾಗ ಆದ ಅವಘಡದಲ್ಲಿ ತೀರಿಕೊಂಡರು. ತಮ್ಮ ಊಹೆ ನೂರಾರು ನಕ್ಷತ್ರಗಳ ಅಳತೆಯಿಂದ ಗಟ್ಟಿಯಾದದ್ದನ್ನು ನೋಡಲು ಅವರು ಇರಲಿಲ್ಲ.

ವೇಗ ಅಳೆಯುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಕೆಲವು ಕಪ್ಪು ಗೆರೆಗಳು ಕಾಣುತ್ತವೆ. ಕ್ಯಾಲ್ಸಿಯಂನ ಮೂರು ಗೆರೆಗಳು 850 ನ್ಯಾನೊಮೀಟರ್ ಆಸುಪಾಸಿನಲ್ಲಿ ಇರುತ್ತವೆ. ನಕ್ಷತ್ರ ನಮ್ಮ ಕಡೆ ಬರುತ್ತಿದ್ದರೆ ಗೆರೆಗಳು ನೀಲಿಯ ಕಡೆಗೆ ಸರಿಯುತ್ತವೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ. ಡ್ರೇಕೊ ಒಟ್ಟಾರೆ ಸೆಕೆಂಡಿಗೆ ಸುಮಾರು 290 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುತ್ತಿರುವಂತೆ ಕಾಣುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ಸೂರ್ಯನ ಓಟದ್ದೇ. ನಮಗೆ ಬೇಕಾದದ್ದು ಆ ಸರಾಸರಿಯ ಅತ್ತಿತ್ತ ನಕ್ಷತ್ರಗಳ ವೇಗ ಎಷ್ಟು ಚೆದುರಿದೆ ಅನ್ನುವುದು. ಡ್ರೇಕೊದಲ್ಲಿ ಅದು ಸೆಕೆಂಡಿಗೆ ಸುಮಾರು 9 ಕಿ.ಮೀ. ಬೆಳಕಿನ ವೇಗಕ್ಕೆ ಹೋಲಿಸಿದರೆ ಲಕ್ಷದಲ್ಲಿ ಮೂರು ಪಾಲು. ಅಂದರೆ 850 ನ್ಯಾನೊಮೀಟರಿನ ಗೆರೆ ಒಂದು ನ್ಯಾನೊಮೀಟರಿನ ನಲವತ್ತನೇ ಒಂದು ಭಾಗದಷ್ಟು ಸರಿಯುತ್ತದೆ. ಇಡೀ ವಾದ ನಿಂತಿರುವುದು ಈ ಸರಿತದ ಮೇಲೆ.

ಇನ್ನು ಲೆಕ್ಕ. ಗೆಲಾಕ್ಸಿಯ ಅರ್ಧ ಬೆಳಕು ಇರುವ ವಲಯವನ್ನು ತೆಗೆದುಕೊಂಡರೆ, ಒಳಗಿನ ತೂಕ ಎಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿ, ಒಂದು ಸ್ಥಿರಾಂಕ ಹಾಕಿದಷ್ಟು. ಡ್ರೇಕೊಗೆ ಹಾಕಿದರೆ ಸುಮಾರು ಒಂದು ಕೋಟಿ ಸೂರ್ಯರ ತೂಕ ಬರುತ್ತದೆ. ಆದರೆ ಅದೇ ವಲಯದಿಂದ ಬರುವ ಬೆಳಕು ಒಂದೂವರೆ ಲಕ್ಷ ಸೂರ್ಯರಷ್ಟೂ ಇಲ್ಲ. ಕಾಣುವ ನಕ್ಷತ್ರಗಳ ಗುರುತ್ವ ಮಾತ್ರ ಇದ್ದಿದ್ದರೆ ವೇಗದ ಚೆದುರು ಸೆಕೆಂಡಿಗೆ ಒಂದೂವರೆ ಕಿ.ಮೀ. ಆಸುಪಾಸಿನಲ್ಲಿ ಇರಬೇಕಿತ್ತು. 9 ಕಿ.ಮೀ. ವೇಗದಲ್ಲಿ ಓಡುವ ನಕ್ಷತ್ರಗಳನ್ನು ಅಷ್ಟು ಸಣ್ಣ ಗುರುತ್ವ ಹಿಡಿದಿಡುವುದಿಲ್ಲ. ಗೆಲಾಕ್ಸಿ ಯಾವತ್ತೋ ಚೆಲ್ಲಾಪಿಲ್ಲಿ ಆಗಿರುತ್ತಿತ್ತು.

ನಮ್ಮ ಆಕಾಶಗಂಗೆಯ ನಡುಭಾಗದಲ್ಲಿ ನಕ್ಷತ್ರ, ಅನಿಲ, ಧೂಳು ಎಲ್ಲ ಸೇರಿ ಎಷ್ಟು ಗದ್ದಲ ಎಂದರೆ ಡಾರ್ಕ್ ಮ್ಯಾಟರಿನ ಪಾಲನ್ನು ಬೇರೆ ಮಾಡುವುದೇ ತಲೆನೋವು. ಡ್ರೇಕೊದಲ್ಲಿ ಆ ಗದ್ದಲ ಇಲ್ಲ. ಅಲ್ಲಿರುವುದು ಹೆಚ್ಚುಕಡಿಮೆ ಡಾರ್ಕ್ ಮ್ಯಾಟರ್ ಮಾತ್ರ. ನಕ್ಷತ್ರಗಳು ಸುಮ್ನೆ ಗುರುತಿಗೆ ಇರುವ ಚುಕ್ಕಿಗಳು. ಕುಬ್ಜಗಳ ಸಾಕ್ಷಿಗೆ ತೂಕ ಬಂದದ್ದು ಇದರಿಂದ.

ಈ ಸಾಕ್ಷಿಗೆ ಮೊದಲು ಬಲಿಯಾದದ್ದು ನ್ಯೂಟ್ರಿನೊ. ಅದಕ್ಕೂ ನಮ್ಮ ನಾಡಿಗೂ ನಂಟಿದೆ: 1965ರಲ್ಲಿ, ಆಗಿನ ಮೈಸೂರು ರಾಜ್ಯದ ಕೋಲಾರ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಪತ್ತೆಯಾಗಿದ್ದವು. ಎಲ್ಲೆಲ್ಲೂ ಇರುವ, ಯಾರ ಕೈಗೂ ಸಿಗದ ಈ ಕಣವೇ ಡಾರ್ಕ್ ಮ್ಯಾಟರ್ ಯಾಕಾಗಬಾರದು ಅನ್ನುವ ಆಲೋಚನೆ ಬಂದದ್ದು ಸಹಜ. 1979ರಲ್ಲಿ ಸ್ಕಾಟ್ ಟ್ರೆಮೇನ್ ಮತ್ತು ಜೇಮ್ಸ್ ಗನ್ ಒಂದು ಮಿತಿ ಹಾಕಿದರು. ನ್ಯೂಟ್ರಿನೊ ಫರ್ಮಿಯಾನ್ ಜಾತಿಯ ಕಣ. ಅವುಗಳನ್ನು ಒಂದರ ಮೇಲೊಂದು ಎಷ್ಟು ಬೇಕೋ ಅಷ್ಟು ತುರುಕಲು ಬರುವುದಿಲ್ಲ. ಕಣ ಹಗುರವಾದಷ್ಟೂ, ನಿಧಾನವಾದಷ್ಟೂ ಅದಕ್ಕೆ ಜಾಗ ಜಾಸ್ತಿ ಬೇಕು. ಡ್ರೇಕೊದಂಥ ಇಕ್ಕಟ್ಟಿನ ಜಾಗದಲ್ಲಿ, ಅಷ್ಟು ಕಡಿಮೆ ವೇಗದಲ್ಲಿ, ಒಂದು ಕೋಟಿ ಸೂರ್ಯರ ತೂಕವನ್ನು ಹಗುರ ನ್ಯೂಟ್ರಿನೊಗಳಿಂದ ತುಂಬಿಸಲು ಸಾಧ್ಯವೇ ಇಲ್ಲ. ನನಗೆ ಈ ವಾದ ಇವತ್ತಿಗೂ ತುಂಬಾ ಇಷ್ಟ. ಕಣವನ್ನು ಯಾರೂ ಹಿಡಿಯಲಿಲ್ಲ, ಯಂತ್ರ ಕಟ್ಟಲಿಲ್ಲ. ಗೆಲಾಕ್ಸಿಯ ಅಳತೆ ನೋಡಿಯೇ ಒಂದು ಕಣವನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಆಮೇಲೆ ಬಂದ ಇನ್ನೆರಡು ಊಹೆಗಳಿಗೂ ಇದೇ ಗತಿ ಅರ್ಧಂಬರ್ಧ ಆಗಿದೆ. ಒಂದು ‘ಬೆಚ್ಚಗಿನ’ ಡಾರ್ಕ್ ಮ್ಯಾಟರ್. ಕಣ ಸ್ವಲ್ಪ ವೇಗದ್ದಾದರೆ ಸಣ್ಣ ಗೆಲಾಕ್ಸಿಗಳು ಹುಟ್ಟುವುದೇ ಇಲ್ಲ. 1999ರಲ್ಲಿ ಇದು ಆಕರ್ಷಕವಾಗಿ ಕಂಡಿತ್ತು. ಕಂಪ್ಯೂಟರ್ ಲೆಕ್ಕದಲ್ಲಿ ನಮ್ಮ ಸುತ್ತ ನೂರಾರು ಉಪಗ್ರಹ ಗೆಲಾಕ್ಸಿ ಇರಬೇಕಿತ್ತು, ಗೊತ್ತಿದ್ದದ್ದು ಹನ್ನೊಂದೋ ಹನ್ನೆರಡೋ. 2005ರಿಂದ ಈಚೆಗೆ ಸ್ಲೋನ್ ಸಮೀಕ್ಷೆ, ಆಮೇಲೆ ಡಾರ್ಕ್ ಎನರ್ಜಿ ಸಮೀಕ್ಷೆ ಮಂಕು ಗೆಲಾಕ್ಸಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದವು. ಈಗ ಉಲ್ಟಾ ಆಗಿದೆ. ಇಷ್ಟು ಕುಬ್ಜಗಳು ಇರಬೇಕಾದರೆ ಕಣ ತೀರಾ ಬೆಚ್ಚಗಿರಲು ಬರುವುದಿಲ್ಲ. ಇನ್ನೊಂದು ‘ಮಸುಕು’ ಡಾರ್ಕ್ ಮ್ಯಾಟರ್. ಕಣ ಎಷ್ಟು ಹಗುರ ಎಂದರೆ ಅದರ ಅಲೆಯ ಉದ್ದ ಸಾವಿರಾರು ಜ್ಯೋತಿರ್ವರ್ಷ. ಅಂಥ ಅಲೆಗಳು ಸಣ್ಣ ಗೆಲಾಕ್ಸಿಯ ನಕ್ಷತ್ರಗಳನ್ನು ಕುಲುಕುತ್ತಲೇ ಇರಬೇಕು. ಸೆಗ್ಯೂ 1, ಸೆಗ್ಯೂ 2 ಅನ್ನುವ ತೀರಾ ಮಂಕು ಗೆಲಾಕ್ಸಿಗಳ ನಕ್ಷತ್ರಗಳು ಅಷ್ಟೇನೂ ಕುಲುಕಿಲ್ಲ ಅಂತ 2022ರ ಒಂದು ವಿಶ್ಲೇಷಣೆ ತೋರಿಸಿ, ತುಂಬಾ ಹಗುರದ ಕಣಗಳಿಗೆ ಬಾಗಿಲು ಹಾಕಿತು.

ಹಾಗಾದರೆ ಉಳಿದದ್ದು ‘ತಣ್ಣಗಿನ’ ಡಾರ್ಕ್ ಮ್ಯಾಟರ್. ಭಾರದ, ನಿಧಾನದ, ಒಂದರ ಪಾಡಿಗೆ ಒಂದು ಇರುವ ಕಣ. ಇಲ್ಲೇ ಹಳೆಯ ಜಗಳ ಒಂದಿದೆ.

ತಣ್ಣಗಿನ ಡಾರ್ಕ್ ಮ್ಯಾಟರ್ ಆದರೆ ಗೆಲಾಕ್ಸಿಯ ನಡುವಿಗೆ ಹೋದಷ್ಟೂ ಅದರ ದಟ್ಟಣೆ ಏರುತ್ತಲೇ ಹೋಗಬೇಕು. ಕಂಪ್ಯೂಟರ್ ಲೆಕ್ಕ ಹಾಗೆ ಹೇಳುತ್ತದೆ. 1994ರಲ್ಲಿ ಎರಡು ಬೇರೆ ಬೇರೆ ಲೇಖನಗಳು ಅನಿಲ ತುಂಬಿದ ಕುಬ್ಜ ಗೆಲಾಕ್ಸಿಗಳ ತಿರುಗುವಿಕೆ ನೋಡಿ, ‘ನಡುವೆ ದಟ್ಟಣೆ ಏರುವುದಿಲ್ಲ, ಒಂದೇ ಸಮ ಇದೆ’ ಅಂದವು. ಅನಿಲದ ಚಲನೆ ಅಳೆಯಲು ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಡಿಯೊ ಅಲೆ ಬೇಕು. ಈ ಕೆಲಸದಲ್ಲಿ ಪುಣೆ ಹತ್ತಿರದ ಖೋಡದ್‌ನ ಜಿಎಂಆರ್‌ಟಿ ದೊಡ್ಡ ಹೆಸರು. 45 ಮೀಟರ್ ಅಗಲದ 30 ಬುಟ್ಟಿಯಾಕಾರದ ಆಂಟೆನಾಗಳು ಸೇರಿ ನೋಡುವ ರೇಡಿಯೊ ದೂರದರ್ಶಕ ಅದು. ಮಂಕು ಕುಬ್ಜಗಳಿಗೆಂದೇ ಅಲ್ಲಿ ಒಂದು ಸಮೀಕ್ಷೆ ನಡೆದಿದೆ.

ನಡುವೆ ಯಾಕೆ ಒಂದೇ ಸಮ? ಎರಡು ಉತ್ತರ ಇವೆ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚದುರುತ್ತವೆ ಅನ್ನುವುದು ಒಂದು. 2000ದಲ್ಲಿ ಡೇವಿಡ್ ಸ್ಪರ್ಗೆಲ್ ಮತ್ತು ಪಾಲ್ ಸ್ಟೈನ್‌ಹಾರ್ಟ್ ಮುಂದಿಟ್ಟದ್ದು. ಇದು ನಿಜವಾದರೆ ಕಣದ ಗುಣವೇ ಗೊತ್ತಾದಂತೆ. ಇನ್ನೊಂದು ಉತ್ತರದಲ್ಲಿ ಕಣದ ಪಾತ್ರವೇ ಇಲ್ಲ. ದೊಡ್ಡ ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿದಾಗ ಅನಿಲ ಹೊರಗೆ ಹಾರುತ್ತದೆ, ನಡುವಿನ ಗುರುತ್ವ ಸಡಿಲವಾಗುತ್ತದೆ, ಡಾರ್ಕ್ ಮ್ಯಾಟರ್ ಸ್ವಲ್ಪ ಹೊರಗೆ ಸರಿಯುತ್ತದೆ. ಅನಿಲ ತಣ್ಣಗಾಗಿ ವಾಪಸ್ ಬೀಳುತ್ತದೆ, ಮತ್ತೆ ಸಿಡಿತ. ಕೋಟ್ಯಂತರ ವರ್ಷ ಇದೇ ನಡೆದರೆ ನಡುಭಾಗ ತೆಳುವಾಗುತ್ತದೆ.

ಎರಡರಲ್ಲಿ ಯಾವುದು ಅಂತ ತಿಳಿಯಲು ಡ್ರೇಕೊ ಪಕ್ಕ ಫೋರ್ನಾಕ್ಸ್ ಅನ್ನು ಇಡಬೇಕು. 4,60,000 ಜ್ಯೋತಿರ್ವರ್ಷ ದೂರದ ಫೋರ್ನಾಕ್ಸ್‌ನಲ್ಲಿ ತೀರಾ ಇತ್ತೀಚಿನವರೆಗೂ, ಅಂದರೆ ಹತ್ತಿಪ್ಪತ್ತು ಕೋಟಿ ವರ್ಷಗಳ ಹಿಂದಿನವರೆಗೂ, ನಕ್ಷತ್ರಗಳು ಹುಟ್ಟುತ್ತಲೇ ಇದ್ದವು. 2019ರಲ್ಲಿ ಜಸ್ಟಿನ್ ರೀಡ್ ತಂಡ ಇಂಥ ಹದಿನಾರು ಕುಬ್ಜಗಳನ್ನು ಹೋಲಿಸಿತು. ನಕ್ಷತ್ರ ಹುಟ್ಟುವುದು ಬೇಗ ನಿಂತುಹೋದವುಗಳಲ್ಲಿ ನಡುಭಾಗ ದಟ್ಟ, ಬಹುಕಾಲ ನಕ್ಷತ್ರ ಹುಟ್ಟಿಸಿದವುಗಳಲ್ಲಿ ತೆಳು. ಡ್ರೇಕೊ ದಟ್ಟ, ಫೋರ್ನಾಕ್ಸ್ ತೆಳು. 2024ರಲ್ಲಿ ಇನ್ನೊಂದು ಪುರಾವೆ ಬಂತು. ಹಬಲ್ ದೂರದರ್ಶಕ 18 ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ, ಡ್ರೇಕೊದ ನಕ್ಷತ್ರಗಳು ಆಕಾಶದಲ್ಲಿ ಅಡ್ಡಡ್ಡ ಎಷ್ಟು ಸರಿದಿವೆ ಅಂತ ಎಡ್ವಾರ್ಡೊ ವಿಟ್ರಾಲ್ ತಂಡ ಅಳೆಯಿತು. ನಮ್ಮ ಕಡೆಗಿನ ವೇಗದ ಜತೆ ಅಡ್ಡ ವೇಗವೂ ಸೇರಿದಾಗ ಉತ್ತರ ಗಟ್ಟಿಯಾಯಿತು: ನಡುವಿಗೆ ಹೋದಷ್ಟೂ ದಟ್ಟಣೆ ಏರುತ್ತದೆ.

ಇದರಿಂದ ನನ್ನ ತೀರ್ಮಾನ: ನಡುಭಾಗ ತೆಳುವಾಗಿರುವುದನ್ನು ಮಾತ್ರ ತೋರಿಸಿ ‘ಹೊಸ ಬಗೆಯ ಕಣ’ ಅನ್ನುವ ವಾದಕ್ಕೆ ಈಗ ಮೊದಲಿನ ಬಲ ಇಲ್ಲ. ಆ ಗೆಲಾಕ್ಸಿಯ ಹುಟ್ಟು-ಬೆಳವಣಿಗೆಯ ಕಥೆ ಹೇಳದೆ ಕಣದ ಕಥೆ ಹೇಳಲು ಬರುವುದಿಲ್ಲ. ನಕ್ಷತ್ರ ಹುಟ್ಟುವುದು ಬೇಗ ನಿಂತ, ಸೂಪರ್‌ನೋವಾಗಳು ಜಾಸ್ತಿ ಕಲಕದ ಮಂಕು ಗೆಲಾಕ್ಸಿಗಳೇ ಈ ವಿಷಯದಲ್ಲಿ ಶುದ್ಧ ಸಾಕ್ಷಿ.

ಹಾಗಂತ ಡಿಕ್ಕಿ ಹೊಡೆಯುವ ಕಣ ಸತ್ತಿಲ್ಲ. 2016ರಲ್ಲಿ ಪತ್ತೆಯಾದ ಕ್ರೇಟರ್ 2 ಅನ್ನುವ ಗೆಲಾಕ್ಸಿ ಎಲ್ಲರ ತಲೆ ಕೆಡಿಸಿದೆ. ಅಗಲ ಬಹಳ, ನಕ್ಷತ್ರ ವಿರಳ, ವೇಗದ ಚೆದುರು ಸೆಕೆಂಡಿಗೆ 2.7 ಕಿ.ಮೀ. ಮಾತ್ರ. ತಣ್ಣಗಿನ ಡಾರ್ಕ್ ಮ್ಯಾಟರಿನ ಲೆಕ್ಕದಲ್ಲಿ ಇಷ್ಟು ದೊಡ್ಡ ಗೆಲಾಕ್ಸಿ ಇಷ್ಟು ನಿಧಾನವಾಗಿರಲು ಸಿಕ್ಕಾಪಟ್ಟೆ ತೂಕವನ್ನು ಆಕಾಶಗಂಗೆ ಕಿತ್ತುಕೊಂಡಿರಬೇಕು. ಕಣಗಳು ಡಿಕ್ಕಿ ಹೊಡೆದು ನಡುಭಾಗ ಮೊದಲೇ ಸಡಿಲವಾಗಿದ್ದರೆ ಕಿತ್ತುಕೊಳ್ಳುವುದು ಸುಲಭ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಡಾರ್ಕ್ ಮ್ಯಾಟರೇ ಇಲ್ಲ, ಗುರುತ್ವದ ನಿಯಮವೇ ಬೇರೆ ಅನ್ನುವ ಮಾಂಡ್ ಸಿದ್ಧಾಂತದ ಪರವಾಗಿ ಸ್ಟೇಸಿ ಮೆಕ್‌ಗಾ ಅಳತೆಗೆ ಮುಂಚೆಯೇ 2.1 ಕಿ.ಮೀ. ಅಂತ ಹೇಳಿದ್ದರು. ಹತ್ತಿರ ಬಂತು, ಅಲ್ವಾ? ಅದೇ ಮಾಂಡ್ ಡ್ರೇಕೊ ವಿಷಯದಲ್ಲಿ ಒದ್ದಾಡುತ್ತದೆ, ಅಷ್ಟು ವೇಗವನ್ನು ಸುಲಭವಾಗಿ ಕೊಡಲಾರದು. ನಾನು ಮಾಂಡ್ ಪಕ್ಷದವನಲ್ಲ. ಆದರೆ ಮುಂಚೆಯೇ ಹೇಳಿ ಸರಿಯಾಗಿ ಬಂದ ಲೆಕ್ಕವನ್ನು ಅಲಕ್ಷ್ಯ ಮಾಡುವುದು ಸರಿಯಲ್ಲ.

ಶುದ್ಧ ಸಾಕ್ಷಿಗಳು ಎಂದೆನಲ್ಲ, ಅವುಗಳದ್ದೇ ದೊಡ್ಡ ತೊಂದರೆ: ನಕ್ಷತ್ರಗಳು ಬೆರಳೆಣಿಕೆ. 2015ರಲ್ಲಿ ಟ್ರಯಾಂಗ್ಯುಲಮ್ 2 ಅನ್ನುವ ಗೆಲಾಕ್ಸಿಯ ಆರು ನಕ್ಷತ್ರ ಅಳೆದು, ಚೆದುರು 5 ಕಿ.ಮೀ. ದಾಟುತ್ತದೆ, ಇದು ಡಾರ್ಕ್ ಮ್ಯಾಟರಿನ ಗಣಿ ಅಂದರು. ಆಮೇಲೆ ನೋಡಿದರೆ ಅದರಲ್ಲಿ ಒಂದು ಜೋಡಿ ನಕ್ಷತ್ರ. ಕಾಣದ ಸಂಗಾತಿಯ ಸುತ್ತ ಸುತ್ತುವ ವೇಗವೂ ಲೆಕ್ಕದಲ್ಲಿ ಸೇರಿಕೊಂಡಿತ್ತು. ಅದನ್ನು ತೆಗೆದ ಮೇಲೆ ಚೆದುರು ಅಳೆಯುವಷ್ಟೂ ಉಳಿಯಲಿಲ್ಲ. ಇತ್ತೀಚಿನದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಸಿಕ್ಕ ಉರ್ಸಾ ಮೇಜರ್ 3. ಕಂಡದ್ದು ಸುಮಾರು 60 ನಕ್ಷತ್ರ, ಎಲ್ಲ ಸೇರಿ 16 ಸೂರ್ಯರ ತೂಕ. ಹನ್ನೊಂದು ನಕ್ಷತ್ರಗಳಿಂದ 3.7 ಕಿ.ಮೀ. ಚೆದುರು ಬಂತು. ಒಂದನ್ನು ಬಿಟ್ಟರೆ 1.9, ಇನ್ನೊಂದನ್ನೂ ಬಿಟ್ಟರೆ ಏನೂ ಇಲ್ಲ! 2025ರ ಹೊಸ ಅಳತೆಗಳಲ್ಲಿ ಡಾರ್ಕ್ ಮ್ಯಾಟರಿಗೆ ಪುರಾವೆ ಸಿಗಲಿಲ್ಲ. ಇದು ಗೆಲಾಕ್ಸಿಯೇ ಅಲ್ಲ, ನಡುವೆ ಕಪ್ಪುರಂಧ್ರಗಳೂ ನ್ಯೂಟ್ರಾನ್ ನಕ್ಷತ್ರಗಳೂ ತುಂಬಿದ ಹಳೆಯ ನಕ್ಷತ್ರಗುಚ್ಛ ಇರಬಹುದು ಅಂತ ಇನ್ನೊಂದು ತಂಡ ವಾದಿಸಿದೆ.

ಈಗ ಗಾಮಾ ಕಿರಣಕ್ಕೆ ಬರೋಣ. ಎರಡು ಕಣ ಡಿಕ್ಕಿಯಾಗಬೇಕಾದ್ದರಿಂದ ಕಿರಣಗಳ ಪ್ರಮಾಣ ದಟ್ಟಣೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ನಡುಭಾಗ ದಟ್ಟವೋ ತೆಳುವೋ ಅನ್ನುವ ಜಗಳ ಇಲ್ಲೂ ಕೈ ಹಾಕುತ್ತದೆ. ಫರ್ಮಿ ತಂಡ 2015ರಲ್ಲಿ 15 ಕುಬ್ಜಗಳ ಆರು ವರ್ಷದ ಮಾಹಿತಿ ಒಟ್ಟುಗೂಡಿಸಿ ನೋಡಿತು. ಏನೂ ಸಿಗಲಿಲ್ಲ. ಪ್ರೋಟಾನಿನ ಸುಮಾರು ನೂರು ಪಟ್ಟಿಗಿಂತ ಹಗುರವಾದ, ಮಾಮೂಲಿ ರೀತಿಯಲ್ಲಿ ಅಳಿಯುವ ವಿಂಪ್ ಕಣಗಳಿಗೆ (ಭಾರವಿದ್ದರೂ ಬೇರೆ ದ್ರವ್ಯವನ್ನು ಅಪರೂಪಕ್ಕೆ ಮಾತ್ರ ತಟ್ಟುವ ಊಹೆಯ ಕಣಗಳಿಗೆ) ಅಲ್ಲೇ ಪೆಟ್ಟು ಬಿತ್ತು. ಟೊಟಾನಿ ಹೇಳುವ ಕಣ ಅದಕ್ಕಿಂತ ಭಾರ, ಆದರೆ ಅಳಿಯುವ ವೇಗ ಕುಬ್ಜಗಳು ಹಾಕಿದ ಮಿತಿಯನ್ನು ದಾಟುತ್ತದೆ. ಅವರ ಕಡೆಯ ಸಮಾಧಾನ ಏನೆಂದರೆ ಕುಬ್ಜಗಳ ದಟ್ಟಣೆಯ ಲೆಕ್ಕದಲ್ಲೂ, ಆಕಾಶಗಂಗೆಯ ದಟ್ಟಣೆಯ ಲೆಕ್ಕದಲ್ಲೂ ಸಡಿಲ ಇದೆ ಅನ್ನುವುದು. ಸಡಿಲ ಇರುವುದು ನಿಜ. ಆದರೆ ಡ್ರೇಕೊದ ನಡುಭಾಗ ದಟ್ಟ ಅಂತ ಹಬಲ್ ತೋರಿಸಿದ ಮೇಲೆ ಆ ದಾರಿ ಕಿರಿದಾಗಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ನೆಲದಡಿ ಒಂದೂವರೆ ಕಿ.ಮೀ. ಆಳದಲ್ಲಿ ದ್ರವರೂಪದ ಜೆನಾನ್ ಇಟ್ಟುಕೊಂಡು ಕಾಯುತ್ತಿರುವ ಎಲ್‌ಜೆಡ್ ಪ್ರಯೋಗಕ್ಕೂ 2024ರ ಫಲಿತಾಂಶದಲ್ಲಿ ವಿಂಪ್ ಸಿಕ್ಕಿಲ್ಲ. ನಮ್ಮಲ್ಲೂ ಜಾರ್ಖಂಡದ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಇಂಥ ಹುಡುಕಾಟಕ್ಕೆ ಪ್ರಯೋಗಾಲಯ ಇದೆ.

ಮುಂದೆ ಕಣ್ಣಿಡಬೇಕಾದದ್ದು ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಮೇಲೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳು ಹೊರಬಂದವು. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಹತ್ತು ವರ್ಷದ ಸಮೀಕ್ಷೆ. ಮಂಕು ಕುಬ್ಜಗಳು ಹಿಂಡುಹಿಂಡಾಗಿ ಸಿಗುವ ನಿರೀಕ್ಷೆ ಇದೆ. ಆದರೆ ರೂಬಿನ್ ಚಿತ್ರ ತೆಗೆಯುತ್ತದೆ, ವೇಗ ಅಳೆಯುವುದಿಲ್ಲ. ವೇಗಕ್ಕೆ ಬೆಳಕನ್ನು ಬಿಡಿಸಬೇಕು, ಅಷ್ಟು ಮಂಕು ನಕ್ಷತ್ರಗಳಿಗೆ ಇನ್ನೂ ದೊಡ್ಡ ಕನ್ನಡಿ ಬೇಕು. ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ ಭಾರತವೂ ಪಾಲುದಾರ. ಅದರ ಕನ್ನಡಿ ತುಂಡುಗಳಿಗೆ ಹೊಳಪು ಕೊಡುವ ಘಟಕವನ್ನು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿದೆ. ಅದೇ ಸಂಸ್ಥೆ ಮೈಸೂರು ವಿಶ್ವವಿದ್ಯಾಲಯದ ಜತೆ ಸೇರಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಕಾಸ್ಮಾಸ್ ಹೆಸರಿನ ತಾರಾಲಯ ಮತ್ತು ತರಬೇತಿ ಕೇಂದ್ರದ ಯೋಜನೆ ಹಾಕಿಕೊಂಡಿದೆ. ದೂರದರ್ಶಕಗಳು ಸುರಿಯುವ ರಾಶಿ ಮಾಹಿತಿಯನ್ನು ಜಾಲಾಡುವುದನ್ನು ಹುಡುಗರಿಗೆ ಕಲಿಸುವುದೂ ಆ ಯೋಜನೆಯ ಭಾಗ.

ಮುಂದಿನ ಸಲ ‘ಡಾರ್ಕ್ ಮ್ಯಾಟರ್ ಸಿಕ್ಕಿತು’ ಅಥವಾ ‘ಡಾರ್ಕ್ ಮ್ಯಾಟರೇ ಇಲ್ಲ’ ಅನ್ನುವ ಸುದ್ದಿ ಬಂದರೆ ನಾನು ಮೊದಲು ಹುಡುಕುವುದು ಮೂರು ವಿಷಯ. ಎಷ್ಟು ನಕ್ಷತ್ರಗಳ ವೇಗ ಅಳೆದಿದ್ದಾರೆ? ಜೋಡಿ ನಕ್ಷತ್ರಗಳನ್ನು ಬೇರ್ಪಡಿಸಲು ಅದೇ ನಕ್ಷತ್ರಗಳನ್ನು ವರ್ಷ ಬಿಟ್ಟು ಮತ್ತೆ ನೋಡಿದ್ದಾರಾ? ಗಾಮಾ ಕಿರಣದ ಸುದ್ದಿಯಾದರೆ, ಡ್ರೇಕೊ ಕಡೆಯಿಂದ ಏನಾದರೂ ಬಂತಾ?